ಶುಕ್ರವಾರದ ಜರ್ಸಿ

ಆ ದೊಡ್ಡ ಫುಟ್‌ಬಾಲ್ ಕ್ಲಬ್ಬಿನಲ್ಲಿ ಗೋಲು ಹೊಡೆಯುವವರೇ ಆರು ಮಂದಿ. ಸೆಲ್ವಿನ್ ಆರನೆಯವನು. ಎರಡು ವರ್ಷದಿಂದ ಭಾನುವಾರದ ಪಂದ್ಯಗಳಲ್ಲಿ ಬೆಂಚು ಕಾದದ್ದಷ್ಟೇ ಬಂತು. ಶುಕ್ರವಾರದ ಅಭ್ಯಾಸ ಮಾತ್ರ ಅವನಿಲ್ಲದೆ ನಡೆಯುತ್ತಿರಲಿಲ್ಲ. ಎದುರಾಳಿ ತಂಡದ ಮುಖ್ಯ ಆಟಗಾರನ ನಂಬರಿನ ಜರ್ಸಿ ತೊಟ್ಟು, ಥೇಟ್ ಅವನ ಹಾಗೆಯೇ ಓಡಿ, ತಿರುಗಿ, ಒದ್ದು, ತನ್ನ ತಂಡದ ಡಿಫೆಂಡರುಗಳನ್ನು ತಯಾರು ಮಾಡುವುದು ಅವನ ಕೆಲಸ.

"ಸಾರ್, ನಂಗೆ ಮೂವತ್ತಾಯ್ತು. ಅಪ್ಪ ಟೀವೀಲಿ ಯಾಕ್ ಬರಲ್ಲ ಅಂತ ಮಗಳು ಕೇಳ್ತಾಳೆ. ಹತ್ತೇ ನಿಮಿಷ ಇಳಿಸಿ, ನಿಮ್ ಕಾಲಿಗೆ ಬೀಳ್ತೀನಿ," ಎಂದ ಒಂದು ದಿನ.

ಕೋಚ್ ತಲೆ ಎತ್ತಲಿಲ್ಲ. "ಭಾನುವಾರ ಕಾಲು ಮುರ್ಕೊಂಡ್ರೆ ಶುಕ್ರವಾರಕ್ಕೆ ಯಾರಪ್ಪಾ ಗತಿ? ಗೋಲ್ ಹೊಡೆಯೋಕೆ ಇನ್ನೂ ಐದು ಜನ ಇದಾರೆ. ನಿನ್ ಕೆಲ್ಸಕ್ಕೆ ನೀನೊಬ್ನೇ."

ಅಂದೇ ಸಂಜೆ ಅವನು ಏಜೆಂಟನಿಗೆ ಫೋನು ಮಾಡಿ ಅಂಗಲಾಚಿದ. "ಯಾವ ಕ್ಲಬ್ಬಾದ್ರೂ ಸರಿ. ನನ್ನ ಆಟ ನಾನು ಆಡೋಕೆ ಬಿಟ್ರೆ ಸಾಕು."

ವಾರದೊಳಗೆ ಇನ್ನೊಂದು ಕ್ಲಬ್ಬು ಅವನನ್ನು ಸೇರಿಸಿಕೊಂಡಿತು. ಅಲ್ಲಿ ಗೋಲು ಹೊಡೆಯುವವರು ಇಬ್ಬರೇ. ಮೊದಲ ಪಂದ್ಯವೇ ಅವನ ಹಳೆಯ ಕ್ಲಬ್ಬಿನ ಎದುರು.

ಶುಕ್ರವಾರ ಹೊಸ ಕೋಚ್ ಅವನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು. "ನಿನಗೋಸ್ಕರ ತುಂಬಾ ಕಾದಿದ್ವಿ ಕಣಪ್ಪಾ. ಅವರ ಐದೂ ಜನರ ಆಟಾನ ನಿನ್ನಷ್ಟು ಹತ್ತಿರದಿಂದ ನೋಡ್ದೋರು ಬೇರೆ ಯಾರಿದಾರೆ?"

ಆಮೇಲೆ ಆ ಐವರ ನಂಬರಿನ ಐದು ಜರ್ಸಿಗಳ ಕಟ್ಟನ್ನು ಅವನ ಕೈಗಿಟ್ಟು ಕೇಳಿದರು: "ಯಾರಿಂದ ಶುರು ಮಾಡ್ತೀಯ?"