ಮೆತ್ತನೆಯ ಬಟ್ಟೆ

ಮಗು ಮಗ್ಗುಲು ಬದಲಿಸಿದಾಗ ಅದರಡಿಯ ಬಟ್ಟೆಯ ಮೂಲೆ ಮಗುಚಿಕೊಂಡಿತು. ಬಟ್ಟೆಬರೆಯ ಇತಿಹಾಸವನ್ನೇ ಕಸುಬು ಮಾಡಿಕೊಂಡಿದ್ದ ಅಕ್ಕ ಥಟ್ಟನೆ ಬಗ್ಗಿ ನೋಡಿದಳು. ಮಾಸಿದ ಕೆಂಪು ಹೂಬಳ್ಳಿಯ ಹಿಂಬದಿಯಲ್ಲಿ ವಸಾಹತು ಕಾಲದ ಹಡಗು ವ್ಯಾಪಾರಿಗಳ ಕಪ್ಪು ಮುದ್ರೆಯಿತ್ತು.

"ಇದೆಲ್ಲಿಂದ ಬಂತೇ?"

"ಅಜ್ಜಿ ಪೆಟ್ಟಿಗೇದು," ಎಂದಳು ತಂಗಿ, ಹಾಲಿನ ಬಾಟಲಿ ತೊಳೆಯುತ್ತಾ. "ಅಮ್ಮ ನಮ್ಮಿಬ್ಬರನ್ನೂ ಇದರ ಮೇಲೇ ಮಲಗಿಸ್ತಿದ್ದಳಂತೆ. ಈಗ ನನ್ನ ಮೊಮ್ಮಗಳ ಸರದಿ. ಎಷ್ಟು ಮೆತ್ತಗಿದೆ ನೋಡಕ್ಕ!"

ಇಂಥ ಬಟ್ಟೆಗಾಗಿ ಅಕ್ಕ ಜೀವಮಾನವೆಲ್ಲ ಮ್ಯೂಸಿಯಂಗಳ ಕದ ತಟ್ಟಿದ್ದಳು. ಸಿಕ್ಕಿದ್ದೆಲ್ಲ ಯಾರೂ ಉಡದೆ, ಹೊದೆಯದೆ ಗಾಜಿನೊಳಗೆ ಉಳಿದ ತುಂಡುಗಳು. ಮನೆಗಳಲ್ಲಿ ಬಳಕೆಯಾದದ್ದು ಒಂದೂ ಉಳಿದಿಲ್ಲವೆಂದು ದಪ್ಪ ಪುಸ್ತಕವನ್ನೇ ಬರೆದಿದ್ದಳು. ಈಗ ಕೈಚೀಲದಲ್ಲಿ ಸದಾ ಇರುತ್ತಿದ್ದ ಬಿಳಿ ಕೈಗವಸು ತೊಟ್ಟು, "ಮಗೂನ ಎತ್ಕೊಳ್ಳೇ, ಬೇಗ!" ಎಂದಳು.

"ಈಗ ತಾನೇ ನಿದ್ದೆ ಹೋಗಿದಾಳೆ. ಎಬ್ಬಿಸಿದ್ರೆ ಸೂರು ಹಾರಿಹೋಗೋ ಹಾಗೆ ಅಳ್ತಾಳೆ. ಥೇಟ್ ನಿನ್ನ ಥರಾನೇ."

ತಡೆಯಲಾರದೆ ಅಕ್ಕನೇ ಮಗುವಿನಡಿ ಕೈ ತೂರಿಸಿದಳು. ಕೈಗವಸು ಬೆಚ್ಚಗೆ ಒದ್ದೆಯಾಯಿತು. ಮಗು ಅರೆಗಣ್ಣು ತೆರೆದು, ತುಟಿ ಸೊಟ್ಟ ಮಾಡಿ ಅಳಲು ಅಣಿಯಾಯಿತು.

"ಏನಾಯ್ತಕ್ಕ?"

"ಏನಿಲ್ಲ. ನೀನು ಬಾಟಲಿ ತೊಳಿ."

ಅವಳು ಕೈಗವಸು ಕಳಚಿ ಪಕ್ಕಕ್ಕಿಟ್ಟಳು. ಮ್ಯೂಸಿಯಂಗಳಲ್ಲಿ ನೋಡುಗರು ಗಾಜಿನ ಮೇಲೆ ಉಸಿರು ಬಿಟ್ಟರೂ ಗದರುತ್ತಿದ್ದವಳು, ಒಣ ಭಾಗ ಮೇಲೆ ಬರುವಂತೆ ಬಟ್ಟೆಯನ್ನು ಮಡಚಿ, ಮಗುವನ್ನು ಮತ್ತೆ ಅದರ ಮೇಲೇ ಮಲಗಿಸಿ ತಟ್ಟತೊಡಗಿದಳು.