ನೀಲವ್ವನ ಪಾಳಿ

ಸಂತೆಯಂಥ ಗದ್ದಲದಲ್ಲೇ ಮೂರನೇ ತರಗತಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ದನಿ ಹಿಡಿದಿಟ್ಟು ಓದು ಅಳೆಯುವ ಟ್ಯಾಬಿನ ಮುಂದೆ ಕೂತು ಪಾಠ ಓದಿದರು. ನೀಲವ್ವ ಮಾತ್ರ ತುಟಿ ಬಿಚ್ಚಲಿಲ್ಲ.

"ಓದವ್ವಾ, ಇಲ್ಲಾಂದ್ರ ಇದು ನಿನ್ನ ಓದಾಕ ಬರದವರ ಸಾಲಿಗೆ ಹಾಕತೈತಿ," ಎಂದು ಪಾಠ ಹೇಳುವ ಅಕ್ಕೋರು ಗೋಗರೆದರು.

ಸೋತ ಅಕ್ಕೋರು, ಉಳಿದವರ ದನಿಯಾದರೂ ಸರಿಯಾಗಿ ಮೂಡಿದೆಯೇ ಎಂದು ಟ್ಯಾಬಿಗೆ ಕಿವಿಗೊಟ್ಟರು. ಯಾರು ತಡವರಿಸಿದರೂ ಅವರ ಬೆನ್ನ ಹಿಂದಿನಿಂದ ಅದೇ ಒಂದು ಪಿಸುದನಿ ಮುಂದಿನ ಪದ ಹೇಳಿಕೊಡುತ್ತಿತ್ತು.

"ಯಾರ್ರೋ ಇದು?"

ತರಗತಿಯೆಲ್ಲ ನೀಲವ್ವನತ್ತ ತಿರುಗಿತು.

"ಎಲಾ ಕಳ್ಳಿ! ನಿನ್ನ ಪಾಳಿ ಬಂದಾಗ ಬಾಯಿಗೇನಾಗಿತ್ತ?"

"ಆವಾಗ ಆ ಟ್ಯಾಬು ನನ್ನ ಮಾರೀನ ನೋಡಾಕ್ಹತ್ತಿತ್ರಿ."

ಅಕ್ಕೋರು ಟ್ಯಾಬಿನಲ್ಲಿ ನೀಲವ್ವನ ಹೆಸರು ಒತ್ತಿದರು. ಅವಳನ್ನು ತಮ್ಮ ಬೆನ್ನ ಹಿಂದೆ ಕೂರಿಸಿಕೊಂಡು, ತಾವೇ ಪುಸ್ತಕ ಹಿಡಿದು ಓದಲು ಹೊರಟು, ಮೊದಲ ಪದಕ್ಕೇ ತಡವರಿಸಿದರು.