ಗೋಲಿನ ಹಿಂದಿನ ಸಾಲು

ಯೂನಿಫಾರ್ಮ್ ಕಾಣದ ಹಾಗೆ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕಂಡಕ್ಟರಮ್ಮ ಗೋಲಿನ ಹಿಂದೆ, ಐದನೇ ಸಾಲಿನಲ್ಲಿ, ಕಂಬದ ಮರೆಗೆ ಕೂತರು. ಮಗಳು ನೋಡಿದರೆ ರಂಪವಾಗುವುದು ಖಂಡಿತ. ಗಂಡಸರ ಹಾಕಿ ಲೀಗ್ ಹಳೆಯದು. ಹೆಂಗಸರಿಗೆ ಇದೇ ಮೊದಲ ಸೀಸನ್. ಮಗಳು ಗೋಲ್ ಕೀಪರ್. ಆರು ವಾರದಿಂದ ಒಂದೇ ಮಾತು: "ಯಾರು ಬೇಕಾದ್ರೂ ಬರ್ಲಿ ಅಮ್ಮ, ನೀನು ಮಾತ್ರ ಬರ್ಬೇಡ." ಯಾಕೆ ಅಂತ ಕೇಳಿದರೆ ಎದ್ದು ಪ್ರಾಕ್ಟೀಸಿಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಅವಳು ಬಾಯಿಬಿಟ್ಟರೆ ಮುತ್ತು ಉದುರೀತು ಅನ್ನುವಂಥ ಹುಡುಗಿ.

"ಯಾವನೋ ಹುಡುಗ ಬರ್ತಿರ್ಬೇಕು ನೋಡೋಕೆ," ಅಂದಿದ್ದ ಅವರ ಬಸ್ಸಿನ ಡ್ರೈವರ್. ಕಂಡಕ್ಟರಮ್ಮನ ಅನುಮಾನ ಬೇರೆಯೇ ಇತ್ತು, ಅದನ್ನು ಅವರು ಯಾರ ಹತ್ತಿರವೂ ಆಡಿರಲಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಮಗಳು ಅಮ್ಮನ ಬಸ್ಸು ಬಂದರೆ ಹತ್ತದೆ, ಹಿಂದೆ ಬರುವ ಬಸ್ಸಿಗೆ ಕಾಯುತ್ತಿದ್ದಳು. ಅಮ್ಮನ ಕೂಗು ಕೇಳಿ ಗೆಳತಿಯರು ನಗುತ್ತಾರೆ ಅಂತ. ಆ ನಾಚಿಕೆ ಇನ್ನೂ ಹೋಗಿಲ್ಲವೇನೋ. ಇವತ್ತು ಕೊನೆಯ ಲೀಗ್ ಮ್ಯಾಚು, ಡ್ರಾ ಆದರೂ ಸೆಮಿಫೈನಲ್. ತಡೆಯಲಾರದೆ ಅರ್ಧ ದಿನ ರಜೆ ಹಾಕಿ ಬಂದುಬಿಟ್ಟಿದ್ದರು.

ಗಂಡಸರ ಮ್ಯಾಚು ಇದ್ದದ್ದು ಆರು ಗಂಟೆಗೆ. ಈ ನಾಲ್ಕು ಗಂಟೆಯ ಹೊತ್ತಲ್ಲಿ ಗ್ಯಾಲರಿ ತುಂಬ ಬರೀ ಕುರ್ಚಿಗಳು. ಚೆಂಡು ಕೋಲಿಗೆ ಬಡಿದ ಸದ್ದೂ ಸ್ಪಷ್ಟವಾಗಿ ಕೇಳುತ್ತಿತ್ತು. ಸೀಟಿ ಊದಿ ಒಂದು ನಿಮಿಷವಾಗಿರಲಿಲ್ಲ, ಗೋಲಿನಲ್ಲಿದ್ದ ಹೆಲ್ಮೆಟ್ಟಿನ ಒಳಗಿಂದ ಒಂದು ದನಿ ಹೊರಟಿತು.

"ಬಾಗಿಲಲ್ಲಿ ನಿಲ್ಬೇಡಿ! ಮುಂದೆ ಹೋಗಿ, ಮುಂದೇ ಹೋಗಿ! ಮಧ್ಯ ಅಷ್ಟು ಜಾಗ ಬಿಟ್ಟಿದ್ದೀರಲ್ಲ, ಯಾರಿಗೆ ಇಟ್ಟಿದ್ದೀರಾ?"

ಗೋಲಿನ ಬಾಯಲ್ಲಿ ಗುಂಪುಗಟ್ಟಿದ್ದ ಆಟಗಾರ್ತಿಯರು ಒಂದೇ ಏಟಿಗೆ ಮುಂದೆ ಸರಿದರು. ಕಂಡಕ್ಟರಮ್ಮ ಬೆಚ್ಚಿ ಹಿಂದೆ ತಿರುಗಿ ನೋಡಿದರು, ತಮ್ಮ ಡಿಪೋದವರು ಯಾರಾದರೂ ಬಂದರೋ ಅಂತ. ಯಾರೂ ಇರಲಿಲ್ಲ. ಅಷ್ಟರಲ್ಲಿ ಎಡಗಡೆಯ ಬ್ಯಾಕ್ ಆಡುವ ಕುಳ್ಳಿಗೆ ಬಿತ್ತು: "ಕಿಟಕಿ ಆಮೇಲೆ ನೋಡೀಯಂತೆ, ಮೊದ್ಲು ಆ ಕಡೆ ಸರಿ!" ಎದುರು ತಂಡದವಳೊಬ್ಬಳು ಚೆಂಡಿನೊಂದಿಗೆ ನುಗ್ಗಿ ಬಂದಳು. ಮಗಳು ಜಾರಿ ಹೋಗಿ ಚೆಂಡನ್ನು ಒದ್ದು ಆಚೆ ಹಾಕಿ, ಎಡವಿ ಬಿದ್ದ ಆ ಹುಡುಗಿಯನ್ನು ಕೇಳಿದಳು: "ಏನಮ್ಮಾ, ಮನೇಲಿ ಹೇಳಿ ಬಂದಿದ್ದೀಯಾ?" ಅಂಪೈರ್ ಬೆರಳು ತೋರಿಸಿ ಗದರಿಸುವಾಗ ನಗು ತಡೆದುಕೊಂಡಿದ್ದು ಕಾಣುತ್ತಿತ್ತು.

ಇಪ್ಪತ್ತೆರಡು ವರ್ಷ ಒಂದೇ ರೂಟಿನಲ್ಲಿ ಕೂಗಿದ ಮಾತುಗಳು. ಎರಡನೇ 'ಮುಂದೇ'ಯನ್ನು ಎಳೆಯುವ ರಾಗ ಕೂಡ ಅವರದೇ. ಅಣಕಿಸುತ್ತಿದ್ದಾಳಾ? ಅಣಕಿಸುವುದಾದರೆ ಯಾರಾದರೂ ನಗಬೇಕಿತ್ತು. ತಂಡದವರು ಯಾರೂ ನಗುತ್ತಿರಲಿಲ್ಲ, ಹೇಳಿದ ಹಾಗೆ ಕೇಳುತ್ತಿದ್ದರು.

ಅರ್ಧ ಆಟ ಮುಗಿದಾಗ ಮಗಳ ತಂಡ ಒಂದು ಗೋಲು ಮುಂದಿತ್ತು. ತಂಡಗಳು ಬದಿ ಬದಲಿಸಿದವು. ಕಂಡಕ್ಟರಮ್ಮನೂ ಚೀಲ ಎತ್ತಿಕೊಂಡು, ಗ್ಯಾಲರಿ ಸುತ್ತುಹಾಕಿ ಆ ಕಡೆಯ ಗೋಲಿನ ಹಿಂದೆ ಹೋದರು. ಇನ್ನೂ ಚೆನ್ನಾಗಿ ಕೇಳಲಿ ಅಂತ ಮೊದಲನೇ ಸಾಲಿನಲ್ಲೇ ಕೂತರು. ನೀರಿನ ಬಾಟಲಿಯನ್ನು ಬಲೆಯ ಹಿಂದೆ ಇಡಲು ಬಂದ ಮಗಳು ತಲೆ ಎತ್ತಿದಳು. ಅಮ್ಮನನ್ನು ನೋಡಿದಳು. ತಟ್ಟನೆ ಹೆಲ್ಮೆಟ್ ಹಾಕಿಕೊಂಡಳು.

ಆಮೇಲೆ ಹೆಲ್ಮೆಟ್ಟಿನಿಂದ ಒಂದು ಸದ್ದೂ ಬರಲಿಲ್ಲ. ಕುಳ್ಳಿ ಎರಡೆರಡು ಸಲ ಹಿಂದೆ ತಿರುಗಿದಳು. "ಏನಾಯ್ತೇ ನಿಂಗೆ? ಹೇಳೇ!" ಯಾರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಇಬ್ಬರು ಒಬ್ಬಳ ಹಿಂದೆಯೇ ಓಡಿದರು, ಖಾಲಿ ಬಿಟ್ಟ ಜಾಗದಿಂದ ಗೋಲು ಬಂತು. ಒಂದು-ಒಂದು. ಬಂದು ಎಂಥ ಕೆಲಸ ಮಾಡಿದೆ ಅಂತ ಕಂಡಕ್ಟರಮ್ಮ ತಮ್ಮನ್ನೇ ಬೈದುಕೊಂಡರು. ಎದ್ದು ಹೋಗಿಬಿಡೋಣವೆಂದು ಚೀಲ ಹಿಡಿದರು.

ಕೊನೆಯ ಎರಡು ನಿಮಿಷ. ಚೆಂಡು ಬಲಗಡೆಯಿಂದ ಬರುತ್ತಿತ್ತು. ಎಡಗಡೆಯ ಗೋಲು ಕಂಬದ ಹತ್ತಿರ ಎದುರು ತಂಡದ ಹುಡುಗಿ ಒಬ್ಬಳೇ, ಕೇಳುವವರಿಲ್ಲದೆ ನಿಂತಿದ್ದಳು. ಎಲ್ಲಿ ಜಾಗ ಖಾಲಿ ಇದೆ ಅಂತ ನೋಡುವುದೇ ಕಸುಬಾದ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಹೋಗಲೆಂದು ಎದ್ದ ಕಂಡಕ್ಟರಮ್ಮ ಹೋಗಲಿಲ್ಲ.

"ಬಾಯಿ ಏನು ಡಿಪೋದಲ್ಲಿ ಬಿಟ್ಟು ಬಂದಿದ್ದೀಯೇನೇ? ಕೂಗೇ!"

ಮೈದಾನದ ಆ ತುದಿಯ ಗೋಲ್ ಕೀಪರ್ ಕೂಡ ಇತ್ತ ನೋಡಿದಳು.

"ಎಡಗಡೆ ಖಾಲಿ!" ಮಗಳ ದನಿ ಒಡೆದು ಬಂತು. "ಒಬ್ರು ಹಿಂದೆ ಬನ್ನಿ! ಬೇಗ, ಬೇಗ, ಬೇಗ!" ಕುಳ್ಳಿ ಓಡಿ ಬಂದು ಕೋಲು ನೆಲಕ್ಕಿಟ್ಟಳು. ಚೆಂಡು ಅದಕ್ಕೆ ಬಡಿದು ಗೆರೆಯ ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಆಟ ಮುಗಿದ ಹೂಟರ್.

ಮಗಳು ಹೆಲ್ಮೆಟ್ ತೆಗೆದು ಗ್ಯಾಲರಿಯ ಕಂಬಿಯ ಹತ್ತಿರ ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ನನ್ನ ಗಂಟಲಿಗೆ ನಾಚ್ಕೊಂಡು ಬರ್ಬೇಡ ಅಂತಿದ್ದೀಯ ಅಂದ್ಕೊಂಡಿದ್ದೆ ಕಣೇ," ಅಂದರು ಕಂಡಕ್ಟರಮ್ಮ.

"ಗಂಟಲಿಗೆ ಅಲ್ಲಮ್ಮ." ಮಗಳು ಕೈಗವಸು ಬಿಚ್ಚುತ್ತ ನೆಲ ನೋಡಿದಳು. "ಚಿಕ್ಕೋಳಿದ್ದಾಗ ಬೈಕೊಂಡಿದ್ದ ನಿನ್ನ ಮಾತುಗಳನ್ನೇ ಈಗ ಕದ್ದು ಬಳಸ್ತಿದ್ದೀನಿ. ನಿನ್ನ ಮುಂದೆ ಹೇಗೆ ಕೂಗ್ಲಿ?"

ಅಷ್ಟರಲ್ಲಿ ಕುಳ್ಳಿ ಏದುಸಿರು ಬಿಡುತ್ತ ಬಂದು, ಒಮ್ಮೆ ಅವರ ಮುಖ, ಒಮ್ಮೆ ಮಗಳ ಮುಖ ನೋಡಿ, ಸೀಸನ್ ಇಡೀ ತಲೆ ತಿಂದಿದ್ದ ಒಗಟು ಬಿಡಿಸಿದಂತೆ ಕಣ್ಣರಳಿಸಿದಳು.

"ಓ! ಆರು ವಾರದಿಂದ ನಮ್ಮನ್ನ ಬೈತಾ ಇರೋದು ನೀವೇನಾ ಆಂಟಿ?"